ಸರಕಾರಿ ವಕೀಲರು ಯಾರ ವಕೀಲರು?

ನಮ್ಮ ಸಂಘದ ವಾಚನಾಲಯಕ್ಕೆ ಸಂಜೆ ಕೆಲಸ ಮುಗಿಸಿಕೊಂಡು ಪತ್ರಿಕೆ ಓದಲು ಬರುವ ಮಿತ್ರರಲ್ಲೊಬ್ಬರು ಕಳೆದ ತಿಂಗಳು ನನ್ನ ಪಕ್ಕದಲ್ಲಿ ಬಂದು ಕುಳಿತರು. ಕೈಯಲ್ಲೊಂದು ಕಾಗದವಿತ್ತು. ಅದು ಮರಾಠಿಯಲ್ಲಿ ಅಚ್ಚಾದ ಕೋರ್ಟಿನ ಸಮನ್ಸು. ಒಂದೂವರೆ ವರ್ಷದ ಹಿಂದೆ ಅವರ ಕೋಣೆಯ ಬೀಗ ಮುರಿದು, ಊರಿಗೆ ಕಳುಹಿಸಲೆಂದು ಕೂಡಿಟ್ಟಿದ್ದ ಹಣವನ್ನೂ ಹೆಂಡತಿಯ ಎರಡು ಬಳೆಗಳನ್ನೂ ಯಾರೋ ಒಯ್ದಿದ್ದರು. ಅದರ ವಿಚಾರಣೆ ಈಗ ಬಂದಿದೆ.

"ರಾಯರೇ, ಕಳವಾದದ್ದು ನನ್ನ ಕೋಣೆಯಲ್ಲಿ. ಈ ಕಾಗದದಲ್ಲಿ ನೋಡಿದರೆ ಮೊಕದ್ದಮೆ ಹೂಡಿದವರು ಮಹಾರಾಷ್ಟ್ರ ರಾಜ್ಯ ಎಂದಿದೆ. ನಾನು ಬರಿಯ ಸಾಕ್ಷಿಯಂತೆ! ಹಾಗಾದರೆ ಅಲ್ಲಿರುವ ಸರಕಾರಿ ವಕೀಲರು ನನ್ನ ವಕೀಲರೋ ಅಲ್ಲವೋ? ಅವರಿಗೆ ಫೀಸು ಎಷ್ಟು ಕೊಡಬೇಕು?" ಎಂದು ಅವರು ಕೇಳಿದರು.

ಈ ನಗರದ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಸಹಾಯಕ ಸರಕಾರಿ ಅಭಿಯೋಜಕನಾಗಿ ಬಹುಕಾಲ ದುಡಿದು ಈಗ ನಿವೃತ್ತನಾಗಿರುವ ನನಗೆ ಈ ಪ್ರಶ್ನೆ ಹೊಸದಲ್ಲ. ಕೋರ್ಟಿನ ಪಡಸಾಲೆಯಲ್ಲಿ ಇದನ್ನು ನೂರಾರು ಜನ ಕೇಳಿದ್ದಾರೆ. ನಿಂತ ಕಾಲಲ್ಲಿ ಒಂದು ಮಾತಿನ ಉತ್ತರ ಕೊಟ್ಟು ನಾನು ಒಳಗೆ ಹೋಗಿದ್ದೇನೆ. ಆಗ ಕೊಡದೆ ಉಳಿದ ಉತ್ತರವನ್ನು ಈಗ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಊರು ಬಿಟ್ಟು ಬಂದು ಹೋಟೆಲು, ಕಾರ್ಖಾನೆ, ಕಚೇರಿಗಳಲ್ಲಿ ದುಡಿಯುವ ನಮ್ಮ ಜನಕ್ಕೆ ಇದು ಉಪಯೋಗವಾದೀತೆಂದು ನನ್ನ ನಂಬಿಕೆ.

ಅಪರಾಧ ಯಾರ ವಿರುದ್ಧ?

ನೆರೆಯವನಿಗೆ ನೀವು ಸಾಲ ಕೊಟ್ಟಿರಿ, ಅವನು ಹಿಂದಿರುಗಿಸಲಿಲ್ಲ. ಅದು ನಿಮ್ಮಿಬ್ಬರ ನಡುವಿನ ವ್ಯವಹಾರ. ನೀವೇ ವಕೀಲರನ್ನು ಇಟ್ಟು ದಾವೆ ಹೂಡಬೇಕು. ಇಷ್ಟವಿದ್ದರೆ ರಾಜಿಯಾಗಬಹುದು, ಬಿಟ್ಟೂ ಬಿಡಬಹುದು. ಬೀಗ ಮುರಿದು ಕದಿಯುವುದು ಇಂಥದಲ್ಲ. ಇಂದು ನಿಮ್ಮ ಬೀಗ ಮುರಿದವನು ನಾಳೆ ಇನ್ನೊಬ್ಬರದನ್ನು ಮುರಿಯುತ್ತಾನೆ. ಆದುದರಿಂದ ಇಂಥ ಕೃತ್ಯವನ್ನು ಇಡೀ ಸಮಾಜದ ಮೇಲಿನ ಅಪರಾಧವೆಂದು ಕಾನೂನು ಎಣಿಸುತ್ತದೆ. ಸಮಾಜದ ಪರವಾಗಿ ಮೊಕದ್ದಮೆ ನಡೆಸುವುದು ರಾಜ್ಯ. ರಾಜ್ಯದ ಪರವಾಗಿ ಕೋರ್ಟಿನಲ್ಲಿ ನಿಂತು ಮಾತನಾಡುವವರು ಸರಕಾರಿ ಅಭಿಯೋಜಕರು. ಜನರ ಬಾಯಲ್ಲಿ ಅವರು ಸರಕಾರಿ ವಕೀಲರು ಅಥವಾ ಬರಿದೆ 'ಪಿ.ಪಿ.'

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಬಡವನಿಗೆ ಅನ್ಯಾಯವಾದರೆ ಮೊಕದ್ದಮೆಯ ಖರ್ಚಿಗಾಗಿ ಅವನು ಮನೆ ಮಾರಬೇಕಾಗಿಲ್ಲ. ಅಭಿಯೋಜಕರಿಗೆ ಸಂಬಳವನ್ನೋ ಶುಲ್ಕವನ್ನೋ ಕೊಡುವುದು ಸರಕಾರ. ನೀವು ಕೊಡಬೇಕಾದದ್ದು ಒಂದು ಕಾಸೂ ಇಲ್ಲ. ಯಾರಾದರೂ ಕೇಳಿದರೆ ಅದು ತಪ್ಪು. ಎರಡನೆಯದು ಕೊಂಚ ಕಹಿ. ಖರ್ಚು ನಿಮ್ಮದಲ್ಲವಾದ್ದರಿಂದ ಮೊಕದ್ದಮೆಯ ಕಡಿವಾಣವೂ ನಿಮ್ಮ ಕೈಯಲ್ಲಿಲ್ಲ. ಯಾವ ಸಾಕ್ಷಿಯನ್ನು ಕರೆಸಬೇಕು, ಏನು ಕೇಳಬೇಕು ಎಂಬುದನ್ನು ತೀರ್ಮಾನಿಸುವವರು ಅಭಿಯೋಜಕರು. ನಿಮಗೆ ಅವರ ಮೇಲೆ ವಿಶ್ವಾಸ ಸಾಲದಿದ್ದರೆ ಕೋರ್ಟಿನ ಅನುಮತಿ ಪಡೆದು ಸ್ವಂತ ವಕೀಲರನ್ನು ಇಡಬಹುದು. ಆದರೆ ಆ ವಕೀಲರು ಅಭಿಯೋಜಕರಿಗೆ ಸಹಾಯಕರಾಗಿ, ಅವರ ಸೂಚನೆಯಂತೆ ನಡೆಯತಕ್ಕದ್ದು. ಸಾಕ್ಷ್ಯವೆಲ್ಲ ಮುಗಿದ ಮೇಲೆ ಅನುಮತಿಯಿದ್ದರೆ ಲಿಖಿತ ವಾದ ಸಲ್ಲಿಸಬಹುದು. ಅವರು ತಾವಾಗಿ ಪಾಟೀಸವಾಲು ಮಾಡುವಂತಿಲ್ಲವೆಂದು ೨೦೧೯ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಯಾರು, ಹೇಗೆ ನೇಮಕವಾಗುತ್ತಾರೆ?

೧೯೭೪ರ ಏಪ್ರಿಲ್ ೧ರಿಂದ ಐವತ್ತು ವರ್ಷ ಕಾಲ ಈ ವಿಷಯಗಳೆಲ್ಲ ೧೯೭೩ರ ದಂಡ ಪ್ರಕ್ರಿಯಾ ಸಂಹಿತೆಯಂತೆ ನಡೆದವು. ೨೦೨೪ರ ಜುಲೈ ೧ರಿಂದ ಅದರ ಸ್ಥಾನಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದೇ ದಿನ ೧೮೬೦ರ ದಂಡ ಸಂಹಿತೆಯ ಬದಲಿಗೆ ಭಾರತೀಯ ನ್ಯಾಯ ಸಂಹಿತೆಯೂ, ೧೮೭೨ರ ಸಾಕ್ಷ್ಯ ಅಧಿನಿಯಮದ ಬದಲಿಗೆ ಭಾರತೀಯ ಸಾಕ್ಷ್ಯ ಅಧಿನಿಯಮವೂ ಜಾರಿಗೆ ಬಂದವು. ಆ ದಿನಕ್ಕೆ ಮುಂಚೆ ನಡೆದ ಅಪರಾಧಗಳಿಗೆ ಶಿಕ್ಷೆ ಹಳೆಯ ದಂಡ ಸಂಹಿತೆಯಂತೆಯೇ. ಆದುದರಿಂದ ಅಭಿಯೋಜಕರ ಮೇಜಿನ ಮೇಲೆ ಹಳೆಯ ಪುಸ್ತಕ, ಹೊಸ ಪುಸ್ತಕ ಎರಡೂ ಇರುತ್ತವೆ. ನಿವೃತ್ತಿಗೆ ಮುಂಚಿನ ಕೆಲವು ತಿಂಗಳು ನಾನೂ ಎರಡನ್ನೂ ಹೊತ್ತು ತಿರುಗಿದವನೇ.

ಅಭಿಯೋಜಕರಲ್ಲಿ ಮೂರು ಬಗೆ. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಸಹಾಯಕ ಸರಕಾರಿ ಅಭಿಯೋಜಕರು. ಮಹಾರಾಷ್ಟ್ರದಲ್ಲಿ ಇವರನ್ನು ಲೋಕಸೇವಾ ಆಯೋಗ ಪರೀಕ್ಷೆಯ ಮೂಲಕ ಆರಿಸುತ್ತದೆ. ಕರ್ನಾಟಕದಲ್ಲಿಯೂ ಲಿಖಿತ ಪರೀಕ್ಷೆಯುಂಟು. ಕಾನೂನು ಪದವಿ ಪಡೆದ ನಮ್ಮ ಹುಡುಗರು ಇತ್ತ ಗಮನ ಕೊಡಬಹುದು. ಕೊಲೆ, ದರೋಡೆಯಂಥ ಭಾರಿ ಮೊಕದ್ದಮೆಗಳು ನಡೆಯುವ ಸೆಷನ್ಸ್ ಕೋರ್ಟಿನಲ್ಲಿ ಸರಕಾರಿ ಅಭಿಯೋಜಕರೂ ಹೆಚ್ಚುವರಿ ಅಭಿಯೋಜಕರೂ ಇರುತ್ತಾರೆ. ಇವರು ಕನಿಷ್ಠ ೭ ವರ್ಷ ವಕೀಲಿ ಮಾಡಿದವರಾಗಿರಬೇಕು. ಜಿಲ್ಲಾ ಮ್ಯಾಜಿಸ್ಟ್ರೇಟರು ಸೆಷನ್ಸ್ ನ್ಯಾಯಾಧೀಶರೊಡನೆ ಸಮಾಲೋಚಿಸಿ ಹೆಸರುಗಳ ಪಟ್ಟಿ ಮಾಡುತ್ತಾರೆ. ಆ ಪಟ್ಟಿಯಿಂದ ಸರಕಾರ ನೇಮಿಸುತ್ತದೆ. ಅಭಿಯೋಜಕರ ಕಾಯಂ ಶ್ರೇಣಿಯಿರುವ ರಾಜ್ಯದಲ್ಲಿ ಆ ಶ್ರೇಣಿಯಿಂದಲೇ ಆರಿಸಬೇಕೆಂಬ ನಿಯಮವೂ ಉಂಟು. ಮೂರನೆಯವರು ಒಂದು ಮೊಕದ್ದಮೆಗೋ ಒಂದು ವರ್ಗದ ಮೊಕದ್ದಮೆಗಳಿಗೋ ನೇಮಕವಾಗುವ ವಿಶೇಷ ಸರಕಾರಿ ಅಭಿಯೋಜಕರು. ಇವರಿಗೆ ೧೦ ವರ್ಷಗಳ ವಕೀಲಿ ಬೇಕು. ೨೦೦೮ರ ಮುಂಬಯಿ ದಾಳಿಯ ಮೊಕದ್ದಮೆಯಲ್ಲಿ ಉಜ್ವಲ್ ನಿಕಮ್ ಅವರು ಇಂಥ ವಿಶೇಷ ಅಭಿಯೋಜಕರಾಗಿದ್ದರು.

ಪೊಲೀಸರೂ ಅಭಿಯೋಜಕರೂ

ಸರಕಾರಿ ವಕೀಲರೆಂದರೆ ಪೊಲೀಸರ ವಕೀಲರು ಎಂಬ ಎಣಿಕೆ ಬಹುಜನರಲ್ಲಿದೆ. ಒಂದು ಕಾಲದಲ್ಲಿ ಇದು ಸುಳ್ಳಾಗಿರಲೂ ಇಲ್ಲ. ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಪೊಲೀಸ್ ಅಧಿಕಾರಿಗಳೇ ಮೊಕದ್ದಮೆ ನಡೆಸುತ್ತಿದ್ದರು. ಕಳ್ಳನನ್ನು ಹಿಡಿದ ಇಲಾಖೆಯೇ ಅವನು ಕಳ್ಳನೆಂದು ವಾದಿಸುವುದಾದರೆ ಆ ಇಲಾಖೆಯ ತಪ್ಪನ್ನು ಎತ್ತಿ ಹೇಳುವವರು ಯಾರು? ೧೯೫೮ರಲ್ಲಿಯೇ ಕಾನೂನು ಆಯೋಗ ತನ್ನ ೧೪ನೆಯ ವರದಿಯಲ್ಲಿ ಅಭಿಯೋಜನೆಯನ್ನು ಪೊಲೀಸ್ ಇಲಾಖೆಯಿಂದ ಬೇರ್ಪಡಿಸಬೇಕೆಂದು ಹೇಳಿತು. ೧೯೭೩ರ ಸಂಹಿತೆ ಆ ದಾರಿಯಲ್ಲಿ ನಡೆಯಿತು. ಆದರೂ ಮಹಾರಾಷ್ಟ್ರದ ಸಹಾಯಕ ಅಭಿಯೋಜಕರು ಬಹುಕಾಲ ಪೊಲೀಸ್ ಇಲಾಖೆಯ ಆಡಳಿತದಲ್ಲಿಯೇ ಉಳಿದರು. ಅವರನ್ನು ಅಲ್ಲಿಂದ ಬಿಡಿಸಿ ಪ್ರತ್ಯೇಕ ಶ್ರೇಣಿ ಮಾಡತಕ್ಕದ್ದೆಂದು ಸುಪ್ರೀಂ ಕೋರ್ಟು ೧೯೯೫ರಲ್ಲಿ, ಶಹಾಣೆ ಎಂಬುವರ ಮೊಕದ್ದಮೆಯಲ್ಲಿ, ರಾಜ್ಯ ಸರಕಾರಕ್ಕೆ ಆದೇಶ ಕೊಟ್ಟಿತು. ನಾನು ಕೆಲಸಕ್ಕೆ ಸೇರಿದ್ದು ಅದಾದ ಕೆಲವು ವರ್ಷಗಳ ಮೇಲೆ. ಹಿರಿಯ ಸಹೋದ್ಯೋಗಿಗಳು ಹಿಂದಿನ ದಿನಗಳ ಸಂಗತಿ ಹೇಳುವಾಗ, ಯಾರ ಕೈಕೆಳಗೆ ಕೆಲಸ ಮಾಡುತ್ತೇವೋ ಅವರ ತನಿಖೆ ಸರಿಯಿಲ್ಲವೆಂದು ಕೋರ್ಟಿನಲ್ಲಿ ಹೇಳುವುದು ಎಷ್ಟು ಕಷ್ಟವಿತ್ತೆಂಬುದು ನನಗೆ ಮನವರಿಕೆಯಾಗುತ್ತಿತ್ತು.

ಈಗ ರಾಜ್ಯಕ್ಕೊಂದು ಅಭಿಯೋಜನಾ ನಿರ್ದೇಶನಾಲಯವಿರಬೇಕೆಂಬ ಏರ್ಪಾಡು ಕಾನೂನಿನಲ್ಲಿದೆ. ೨೦೦೫ರ ತಿದ್ದುಪಡಿಯಲ್ಲಿ ಬಂದ ಈ ಏರ್ಪಾಡನ್ನು ಹೊಸ ಸಂಹಿತೆ ಇನ್ನಷ್ಟು ವಿಸ್ತರಿಸಿದೆ. ೧೦ ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳ ಮೊಕದ್ದಮೆಗಳನ್ನು ನಿರ್ದೇಶಕರು ನೋಡಿಕೊಳ್ಳಬೇಕು. ೭ ವರ್ಷದಿಂದ ೧೦ ವರ್ಷದೊಳಗಿನವು ಉಪನಿರ್ದೇಶಕರಿಗೆ, ೭ಕ್ಕಿಂತ ಕಡಿಮೆಯವು ಸಹಾಯಕ ನಿರ್ದೇಶಕರಿಗೆ ಸೇರಿದವು. ಪೊಲೀಸರ ವರದಿಯನ್ನು ಉಪನಿರ್ದೇಶಕರು ಪರಿಶೀಲಿಸಿ, ಕೊರತೆಯಿದ್ದರೆ ತಿಳಿಸಬಹುದು. ಆದರೆ ತನಿಖೆ ಮಾಡುವುದು ಪೊಲೀಸರ ಕೆಲಸವೇ ಹೊರತು ಅಭಿಯೋಜಕರದಲ್ಲ. ಅಡಿಗೆ ಮಾಡುವವರು ಅವರು, ಬಡಿಸುವವರು ಇವರು. ಉಪ್ಪು ಕಡಿಮೆಯೆಂದು ಹೇಳಬಹುದು, ಒಳಗೆ ಹೋಗಿ ಒಲೆಯ ಮುಂದೆ ನಿಲ್ಲುವಂತಿಲ್ಲ.

ದಿನದ ಕೆಲಸ

ಬೆಳಿಗ್ಗೆ ಕೋರ್ಟು ಕೂರುವ ಮುನ್ನವೇ ಮೇಜಿನ ಮೇಲೆ ಫೈಲುಗಳ ರಾಶಿ. ಮೊದಲು ಬರುವವರು ಹಿಂದಿನ ದಿನ ಬಂಧಿತರಾದವರು. ಬಂಧಿಸಿದ ೨೪ ಗಂಟೆಗಳೊಳಗೆ ಅವರನ್ನು ಮ್ಯಾಜಿಸ್ಟ್ರೇಟರ ಮುಂದೆ ತರಬೇಕು. ಪೊಲೀಸ್ ವಶ ಏಕೆ ಬೇಕು, ಎಷ್ಟು ದಿನ ಬೇಕು ಎಂಬುದಕ್ಕೆ ಅಭಿಯೋಜಕರು ಕಾರಣ ಹೇಳಬೇಕು. ಆಮೇಲೆ ಜಾಮೀನಿನ ಅರ್ಜಿಗಳು. ಎಲ್ಲ ಅರ್ಜಿಗಳಿಗೂ ಕಣ್ಣು ಮುಚ್ಚಿ 'ಆಕ್ಷೇಪಣೆಯಿದೆ' ಎಂದು ಬರೆಯುವ ಅಭ್ಯಾಸ ನಮ್ಮಲ್ಲುಂಟು; ಅದು ಒಳ್ಳೆಯ ಅಭ್ಯಾಸವಲ್ಲ. ಆರೋಪಿ ಓಡಿಹೋಗುತ್ತಾನೆಯೇ, ಸಾಕ್ಷಿಗಳನ್ನು ಹೆದರಿಸುತ್ತಾನೆಯೇ ಎಂಬುದನ್ನು ನೋಡಿ ಹೇಳಬೇಕಾದ ಮಾತು ಅದು. ಬಂಧನದಲ್ಲಿರುವವನ ಮೇಲೆ, ಅಪರಾಧಕ್ಕೆ ತಕ್ಕಂತೆ ೬೦ ಅಥವಾ ೯೦ ದಿನಗಳೊಳಗೆ ಪೊಲೀಸರು ದೋಷಾರೋಪಣ ಪಟ್ಟಿ ಸಲ್ಲಿಸದಿದ್ದರೆ, ಅವನು ಕೇಳಿ ಜಾಮೀನು ಕೊಡಲು ಸಿದ್ಧನಿದ್ದಲ್ಲಿ ಬಿಡುಗಡೆ ಅವನ ಹಕ್ಕು. ಇದನ್ನು ತಿಳಿಯದೆ ಒಳಗೇ ಕೊಳೆಯುವ ಬಡವರಿದ್ದಾರೆ.

ಮಧ್ಯಾಹ್ನದ ಮೇಲೆ ಸಾಕ್ಷಿಗಳ ವಿಚಾರಣೆ. ಅಭಿಯೋಜಕರು ತಮ್ಮ ಸಾಕ್ಷಿಯನ್ನು ಮುಖ್ಯ ವಿಚಾರಣೆಯಲ್ಲಿ ಕೇಳುವಾಗ ಉತ್ತರವನ್ನು ಪ್ರಶ್ನೆಯಲ್ಲೇ ಇಟ್ಟು ಕೇಳುವಂತಿಲ್ಲ. 'ಓಡಿಹೋದವನು ಕೆಂಪು ಅಂಗಿ ಹಾಕಿದ್ದನಲ್ಲವೇ?' ಎಂದು ಕೇಳಕೂಡದು, 'ಏನು ಕಂಡಿರಿ?' ಎಂದು ಕೇಳಬೇಕು. ಆಮೇಲೆ ಆರೋಪಿಯ ವಕೀಲರು ಪಾಟೀಸವಾಲು ಮಾಡುತ್ತಾರೆ. ಅವರಿಗೆ ಆ ನಿರ್ಬಂಧವಿಲ್ಲ. ಪೊಲೀಸರ ಮುಂದೆ ಆರೋಪಿ ತಪ್ಪೊಪ್ಪಿಕೊಂಡಿದ್ದಾನೆಂಬ ಮಾತು ಕೋರ್ಟಿನಲ್ಲಿ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ಪತ್ರಿಕೆಯಲ್ಲಿ 'ಕಳ್ಳ ಒಪ್ಪಿಕೊಂಡ' ಎಂದು ಓದಿದವರಿಗೆ ಮುಂದೆ ಅವನು ಖುಲಾಸೆಯಾದದ್ದು ವಿಚಿತ್ರವಾಗಿ ಕಾಣುವುದು ಇದರಿಂದಲೇ.

ಗೆಲ್ಲುವುದೇ ಕೆಲಸವಲ್ಲ

ಖಾಸಗಿ ವಕೀಲರು ತಮ್ಮ ಕಕ್ಷಿಗಾರನ ಗೆಲುವಿಗಾಗಿ ದುಡಿಯುತ್ತಾರೆ. ಅಭಿಯೋಜಕರ ಕಕ್ಷಿದಾರ ರಾಜ್ಯ. ನಿರಪರಾಧಿ ಜೈಲಿಗೆ ಹೋದರೆ ರಾಜ್ಯಕ್ಕೆ ಗೆಲುವೇನು ಬಂತು? ಅಭಿಯೋಜಕರು ಕೋರ್ಟಿಗೆ ನೆರವಾಗುವ ಅಧಿಕಾರಿಯೆಂದೂ ಆರೋಪಿಗೆ ಅನುಕೂಲವಾದ ಸಂಗತಿಯನ್ನು ಬಚ್ಚಿಡಕೂಡದೆಂದೂ ಸುಪ್ರೀಂ ಕೋರ್ಟು ಎಷ್ಟೋ ಸಾರಿ ಹೇಳಿದೆ. ಪೊಲೀಸರು ವಶಪಡಿಸಿಕೊಂಡೂ ತಮ್ಮ ವಾದಕ್ಕೆ ಬಳಸದ ಕಾಗದಪತ್ರಗಳ ಪಟ್ಟಿಯನ್ನು ಸಹ ಆರೋಪಿಗೆ ಕೊಡಬೇಕೆಂದು ೨೦೨೧ರಲ್ಲಿ ನಿಯಮ ಹಾಕಿಕೊಟ್ಟಿದೆ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ನಮ್ಮ ಗಾದೆಗೂ ಇದಕ್ಕೂ ದೂರವಿಲ್ಲ.

ನನ್ನ ಅನುಭವದ ಒಂದು ಸಂಗತಿ. ಒಬ್ಬ ಕಾರ್ಖಾನೆಯ ಕೂಲಿಕಾರ ರಾತ್ರಿ ಹತ್ತೂವರೆಗೆ ಒಬ್ಬರ ಕೈಯಿಂದ ಚೀಲ ಕಸಿದನೆಂದು ಮೊಕದ್ದಮೆ. ಗುರುತು ಹಿಡಿದ ಸಾಕ್ಷಿಯಿದ್ದ. ವಿಚಾರಣೆಯ ಹಿಂದಿನ ಸಂಜೆ ಫೈಲು ತಿರುವುತ್ತಿದ್ದಾಗ, ಬಂಧನದ ಹೊತ್ತಿನಲ್ಲಿ ಅವನ ಜೇಬಿನಿಂದ ತೆಗೆದ ವಸ್ತುಗಳ ಪಂಚನಾಮೆಯಲ್ಲಿ 'ಒಂದು ಹಾಜರಿ ಕಾರ್ಡು' ಎಂದು ಬರೆದದ್ದು ಕಣ್ಣಿಗೆ ಬಿತ್ತು. ತರಿಸಿ ನೋಡಿದೆ. ಅಂದು ಅವನದು ರಾತ್ರಿ ಪಾಳಿ. ಒಳಗೆ ಹೋದ ಹೊತ್ತು ಹತ್ತಕ್ಕೆ ಮುಂಚೆ, ಹೊರಬಿದ್ದದ್ದು ಬೆಳಿಗ್ಗೆ. ಆ ಕಾರ್ಡನ್ನು ಯಾರೂ ದೋಷಾರೋಪಣ ಪಟ್ಟಿಗೆ ಸೇರಿಸಿರಲಿಲ್ಲ. ಆರೋಪಿಯ ವಕೀಲರು ಅದನ್ನು ಕೇಳಿಯೂ ಇರಲಿಲ್ಲ. ಮರುದಿನ ನಾನೇ ಅದನ್ನು ಕೋರ್ಟಿನ ಮುಂದಿಟ್ಟೆ. ಕಾರ್ಖಾನೆಯ ಟೈಂ ಕೀಪರನ್ನು ಕರೆಸಲು ಕೇಳಿದೆ. ಅವನು ಖುಲಾಸೆಯಾದ. ತನಿಖಾಧಿಕಾರಿ ಕೆಲವು ದಿನ ನನ್ನೊಡನೆ ಮಾತು ಬಿಟ್ಟರು. 'ಕೇಸು ಕಳೆದಿರಿ' ಎಂದು ಸಹೋದ್ಯೋಗಿಯೊಬ್ಬರು ನಕ್ಕರು. ಸರಕಾರದ ಲೆಕ್ಕದಲ್ಲಿ ಅದು ಸೋಲೆಂದೇ ದಾಖಲಾಗಿರಬೇಕು. ನನ್ನ ಲೆಕ್ಕದಲ್ಲಿ ಹಾಗಿಲ್ಲ.

ಅಭಿಯೋಜಕರು ಸುಮ್ಮನಿದ್ದುಬಿಟ್ಟರೆ?

ಅಭಿಯೋಜಕರು ಅತಿಯಾಗಿ ಹೊಡೆದಾಡಿದರೆ ಎಷ್ಟು ಕೆಡುಕೋ, ಆಡಬೇಕಾದಲ್ಲಿ ಆಡದಿದ್ದರೂ ಅಷ್ಟೇ ಕೆಡುಕು. ಇದಕ್ಕೆ ಬೆಂಗಳೂರು, ಚೆನ್ನೈಗಳೆರಡಕ್ಕೂ ಸಂಬಂಧಿಸಿದ ಉದಾಹರಣೆಯೇ ಇದೆ. ಆದಾಯ ಮೀರಿದ ಆಸ್ತಿಯ ಬಗ್ಗೆ ಜೆ. ಜಯಲಲಿತಾ ಮತ್ತು ಇತರ ಮೂವರ ಮೇಲೆ ಚೆನ್ನೈಯಲ್ಲಿ ಮೊಕದ್ದಮೆ ನಡೆಯುತ್ತಿತ್ತು. ಅವರು ಮತ್ತೆ ಮುಖ್ಯಮಂತ್ರಿಯಾದ ಮೇಲೆ, ಆಗಲೇ ಸಾಕ್ಷ್ಯ ಹೇಳಿದ್ದ ೭೬ ಜನರನ್ನು ಪಾಟೀಸವಾಲಿಗಾಗಿ ಪುನಃ ಕರೆಸಲಾಯಿತು. ಅವರಲ್ಲಿ ೬೪ ಜನ ಮೊದಲಿನ ಮಾತಿನಿಂದ ಹಿಂದೆ ಸರಿದರು. ಆದರೂ ಅಭಿಯೋಜಕರು ಅವರನ್ನು ಪ್ರತಿಕೂಲ ಸಾಕ್ಷಿಗಳೆಂದು ಸಾರುವ ಯತ್ನ ಮಾಡಲಿಲ್ಲವೆಂಬುದನ್ನು ಸುಪ್ರೀಂ ಕೋರ್ಟು ಗಮನಿಸಿತು. ೨೦೦೩ರ ನವೆಂಬರಿನಲ್ಲಿ ಮೊಕದ್ದಮೆಯನ್ನು ಬೆಂಗಳೂರಿಗೆ ವರ್ಗಾಯಿಸಿತು. ಅಭಿಯೋಜಕರನ್ನು ಕರ್ನಾಟಕ ಸರಕಾರ, ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳೊಡನೆ ಸಮಾಲೋಚಿಸಿ, ನೇಮಿಸಬೇಕೆಂದಿತು. ಹಾಗೆ ನೇಮಕವಾದ ಹಿರಿಯ ವಕೀಲರು ಬಿ. ವಿ. ಆಚಾರ್ಯರು, ಅವರ ನಂತರ ಭವಾನಿ ಸಿಂಗ್ ಅವರು ಬಂದರು. ೨೦೧೪ರ ಸೆಪ್ಟೆಂಬರ್ ೨೭ರಂದು ಶಿಕ್ಷೆಯ ತೀರ್ಪು ಬಂದಿತು.

ಆರೋಪಿಗಳು ಹೈಕೋರ್ಟಿಗೆ ಅಪೀಲು ಹೋದಾಗ ಭವಾನಿ ಸಿಂಗ್ ಅವರನ್ನು ಅಲ್ಲಿ ವಾದಿಸಲು ನೇಮಿಸಿದ್ದು ತಮಿಳುನಾಡು ಸರಕಾರ. ಆ ನೇಮಕ ಕಾನೂನಿನಲ್ಲಿ ನಿಲ್ಲದು, ಆ ಅಧಿಕಾರ ಕರ್ನಾಟಕಕ್ಕೆ ಮಾತ್ರ ಸೇರಿದ್ದೆಂದು ೨೦೧೫ರ ಏಪ್ರಿಲ್ ೨೭ರಂದು ಸುಪ್ರೀಂ ಕೋರ್ಟು ಹೇಳಿತು. ಮೇ ೧೧ರಂದು ಹೈಕೋರ್ಟು ಎಲ್ಲರನ್ನೂ ಖುಲಾಸೆ ಮಾಡಿತು. ಕರ್ನಾಟಕ ಸರಕಾರ ಅಪೀಲು ಹೋಯಿತು. ೨೦೧೭ರ ಫೆಬ್ರವರಿ ೧೪ರಂದು ಸುಪ್ರೀಂ ಕೋರ್ಟು ಉಳಿದ ಮೂವರ ಶಿಕ್ಷೆಯನ್ನು ಮತ್ತೆ ಎತ್ತಿಹಿಡಿಯಿತು. ಜಯಲಲಿತಾ ಅವರು ಅದಕ್ಕೆ ಮುಂಚೆ, ೨೦೧೬ರ ಡಿಸೆಂಬರ್ ೫ರಂದು, ತೀರಿಕೊಂಡಿದ್ದರು. ಅಭಿಯೋಜಕರನ್ನು ಯಾರು ನೇಮಿಸುತ್ತಾರೆ ಎಂಬುದು ಕಚೇರಿಯ ಒಣ ವಿಷಯವಲ್ಲವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಒಬ್ಬ ಸಾಕ್ಷಿಯ ಮಾತು

ನಾನು ಪರರ ತಪ್ಪನ್ನು ಹೇಳಿದೆ, ನನ್ನದನ್ನೂ ಹೇಳಬೇಕು. ಒಂದು ಹೋಟೆಲಿನ ಗಲ್ಲಾಪೆಟ್ಟಿಗೆ ಒಡೆದ ಮೊಕದ್ದಮೆ. ಕಣ್ಣಾರೆ ಕಂಡವನು ಕುಂದಾಪುರದ ಕಡೆಯ ಒಬ್ಬ ಹುಡುಗ, ಅದೇ ಹೋಟೆಲಿನಲ್ಲಿ ಮಾಣಿ. ಐದು ಸಾರಿ ಸಮನ್ಸು ಹೋಯಿತು. ಐದು ಸಾರಿಯೂ ಬಂದ. ಒಮ್ಮೆ ಆರೋಪಿಯ ವಕೀಲರಿಗೆ ಜ್ವರ, ಒಮ್ಮೆ ನ್ಯಾಯಾಧೀಶರು ರಜೆ, ಒಮ್ಮೆ ಮುದ್ದೇಮಾಲು ಬರಲಿಲ್ಲ. ಪ್ರತಿ ಸಾರಿಯೂ ನಾನು 'ಬಂದಿದ್ದೀಯಾ? ಸರಿ, ಮುಂದಿನ ತಾರೀಖಿಗೆ ಬಾ' ಎಂದೆ. ಬಂದ ದಿನಗಳ ಕೂಲಿಯನ್ನು ಮಾಲಿಕರು ಮುರಿದುಕೊಂಡರು. ಆರನೆಯ ಸಾರಿ ಕಟಕಟೆ ಹತ್ತಿದವನು ಆರೋಪಿಯನ್ನು ನೋಡಿ "ಗುರುತಿಲ್ಲ" ಎಂದುಬಿಟ್ಟ. ನನಗೆ ಸಿಟ್ಟು ಬಂದಿತು. ಪ್ರತಿಕೂಲ ಸಾಕ್ಷಿಯೆಂದು ಸಾರಿ, ಕೋರ್ಟಿನ ಅನುಮತಿ ಪಡೆದು, ಬಿರುಸಾಗಿ ಪ್ರಶ್ನೆ ಕೇಳಿದೆ. ಅವನು ತಲೆ ತಗ್ಗಿಸಿ ನಿಂತ. ಮೊಕದ್ದಮೆ ಬಿದ್ದಿತು.

ಹೊರಗೆ ಪಡಸಾಲೆಯಲ್ಲಿ ಅವನೇ ಹತ್ತಿರ ಬಂದು ಕನ್ನಡದಲ್ಲಿ ಮೆಲ್ಲಗೆ ಹೇಳಿದ: "ಸಾಹೇಬರೇ, ಮುಖ ನೆನಪಿಲ್ಲದೆ ಏನು? ಅವನ ತಮ್ಮ ನಾನು ಮಲಗುವ ಗಲ್ಲಿಯಲ್ಲೇ ಇದ್ದಾನೆ. ದಿನಾ ಬಾಗಿಲಲ್ಲಿ ನಿಂತು ನೋಡುತ್ತಾನೆ. ನೀವು ಸಂಜೆ ನಿಮ್ಮ ಮನೆಗೆ ಹೋಗುತ್ತೀರಿ. ನಾನು ಆ ಗಲ್ಲಿಗೇ ಹೋಗಬೇಕಲ್ಲ?"

ಐದು ತಾರೀಖುಗಳಲ್ಲಿ ನಾನು ಅವನನ್ನು ಒಂದು ಸಾರಿಯಾದರೂ ಕುಳ್ಳಿರಿಸಿ 'ನಿನಗೆ ಏನಾದರೂ ತೊಂದರೆಯಿದೆಯೇ?' ಎಂದು ಕೇಳಿರಲಿಲ್ಲ. ಕೇಳಿದ್ದರೆ ಅವನು ಹೇಳುತ್ತಿದ್ದ. ನಮ್ಮ ಭಾಷೆಯವನು ಬೇರೆ. ಆಮೇಲೆ ಯಾವ ಸಾಕ್ಷಿಯನ್ನೂ ಆ ಪ್ರಶ್ನೆ ಕೇಳದೆ ನಾನು ಕಟಕಟೆ ಹತ್ತಿಸಲಿಲ್ಲ. ಆದರೆ ಆ ಹುಡುಗನಿಗೆ ಅದರಿಂದ ಪ್ರಯೋಜನವೇನೂ ಆಗಲಿಲ್ಲ.

ಈಗ ಪರಿಸ್ಥಿತಿ ಸ್ವಲ್ಪ ಸುಧಾರಿಸಿದೆ. ೨೦೧೮ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಸಾಕ್ಷಿ ಸಂರಕ್ಷಣಾ ಯೋಜನೆಯೊಂದನ್ನು ದೇಶಕ್ಕೆಲ್ಲ ಅನ್ವಯಿಸಿತು. ಪ್ರತಿ ರಾಜ್ಯವೂ ಇಂಥ ಯೋಜನೆ ಪ್ರಕಟಿಸತಕ್ಕದ್ದೆಂದು ಹೊಸ ಸಂಹಿತೆಯಲ್ಲಿಯೂ ಬರೆದಿದೆ. ಆದರೆ ಬೆದರಿಕೆಯಿದೆಯೆಂದು ಬಾಯಿಬಿಟ್ಟು ಹೇಳಿದರೆ ತಾನೆ ಯೋಜನೆ ಕೆಲಸ ಮಾಡುವುದು?

ಮೊಕದ್ದಮೆಯನ್ನು ಹಿಂತೆಗೆಯುವ ಅಧಿಕಾರ

ಅಭಿಯೋಜಕರ ಕೈಯಲ್ಲಿ ಇನ್ನೊಂದು ದೊಡ್ಡ ಅಧಿಕಾರವಿದೆ. ತೀರ್ಪಿಗೆ ಮುಂಚೆ, ಕೋರ್ಟು ಸಮ್ಮತಿಸಿದರೆ, ಅವರು ಮೊಕದ್ದಮೆಯನ್ನು ಹಿಂತೆಗೆದುಕೊಳ್ಳಬಹುದು. ಸರಕಾರ ಸಲಹೆ ಕೊಡಬಹುದು. ಆದರೆ ಅಭಿಯೋಜಕರು ಸ್ವಂತ ಬುದ್ಧಿಯಿಂದ ಯೋಚಿಸಿ ತೀರ್ಮಾನಿಸಬೇಕು, ಅಂಚೆಯವರಂತೆ ಮೇಲಿನ ಪತ್ರವನ್ನು ತಂದು ಕೊಟ್ಟರೆ ಸಾಲದು. ಶಾಸಕರ, ಸಂಸದರ ಮೇಲಿನ ಮೊಕದ್ದಮೆಗಳನ್ನು ಹೈಕೋರ್ಟಿನ ಅನುಮತಿಯಿಲ್ಲದೆ ಹಿಂತೆಗೆಯಬಾರದೆಂದು ೨೦೨೧ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತು. ಹೊಸ ಸಂಹಿತೆ ಇನ್ನೂ ಒಂದು ಒಳ್ಳೆಯ ಮಾತು ಸೇರಿಸಿದೆ: ನೊಂದವರ ಮಾತನ್ನು ಕೇಳದೆ ಕೋರ್ಟು ಇಂಥ ಸಮ್ಮತಿ ಕೊಡಕೂಡದು. ಮೊಕದ್ದಮೆಯ ಕಡಿವಾಣ ನಿಮ್ಮ ಕೈಯಲ್ಲಿಲ್ಲವೆಂದೆನಲ್ಲ, ಇಲ್ಲಿ ಅದರ ಒಂದು ತುದಿ ನಿಮಗೂ ಸಿಕ್ಕಿದೆ.

ಸಮನ್ಸು ಬಂದಾಗ ಮಾಡತಕ್ಕದ್ದು

ಮೊದಲನೆಯದಾಗಿ, ಸಮನ್ಸನ್ನು ಕಡೆಗಣಿಸಬೇಡಿ. ಬಾರದಿದ್ದರೆ ವಾರಂಟು ಬರಬಹುದು. ಊರು, ಕೋಣೆ, ಕೆಲಸ ಬದಲಾಯಿಸಿದರೆ ಹೊಸ ವಿಳಾಸವನ್ನು ಪೊಲೀಸ್ ಠಾಣೆಗೆ ಬರೆದು ತಿಳಿಸಿ. ಸಾಕ್ಷಿ ಸಿಗಲಿಲ್ಲವೆಂದು ಎಷ್ಟೋ ಮೊಕದ್ದಮೆಗಳು ಬಿದ್ದುಹೋಗುತ್ತವೆ, ಅವುಗಳಲ್ಲಿ ನಮ್ಮಂಥ ಪರಊರಿನವರ ಪಾಲು ಕಡಿಮೆಯಲ್ಲ.

ಎರಡನೆಯದಾಗಿ, ಅರ್ಧ ಗಂಟೆ ಮುಂಚೆ ಹೋಗಿ ಅಭಿಯೋಜಕರನ್ನು ಕಾಣಿ. ನಿಮಗೇನು ನೆನಪಿದೆ, ಏನು ನೆನಪಿಲ್ಲ ಎಂಬುದನ್ನು ಇದ್ದಂತೆ ಹೇಳಿ. ವಿಚಾರಣೆ ಹೇಗೆ ನಡೆಯುತ್ತದೆಂಬುದನ್ನು ಅವರು ವಿವರಿಸಬಹುದು; ಏನು ಹೇಳಬೇಕೆಂದು ಕಲಿಸಕೂಡದು, ನೀವು ಕಲಿಯಲೂ ಕೂಡದು. ತಿಳಿಯದ ಪ್ರಶ್ನೆಗೆ 'ತಿಳಿಯದು' ಎಂಬುದೇ ಸರಿಯಾದ ಉತ್ತರ.

ಮೂರನೆಯದು ಭಾಷೆಯ ವಿಷಯ. ಮರಾಠಿ, ತಮಿಳು, ತೆಲುಗು, ಹಿಂದಿ ಅರೆಬರೆ ಬರುತ್ತದೆಂದು ಸಂಕೋಚದಿಂದ ಆ ಭಾಷೆಯಲ್ಲೇ ಹೇಳಲು ಹೋಗಿ, ಹೇಳಬೇಕೆಂದದ್ದು ಒಂದು, ದಾಖಲಾದದ್ದು ಇನ್ನೊಂದು ಆಗಬಾರದು. ಕನ್ನಡದಲ್ಲಿ ಹೇಳುತ್ತೇನೆಂದು ತಿಳಿಸಿ. ಸಾಕ್ಷಿಯ ಮಾತನ್ನು ಅದೇ ಭಾಷೆಯಲ್ಲಿ ಬರೆದುಕೊಳ್ಳಲು ಆಗದಿದ್ದರೆ ಕೋರ್ಟಿನ ಭಾಷೆಗೆ ಸರಿಯಾದ ಅನುವಾದ ಮಾಡಿಸಬೇಕು. ಬರೆದದ್ದು ನಿಮಗೆ ಅರ್ಥವಾಗದಿದ್ದರೆ ಅದನ್ನು ನಿಮ್ಮ ಭಾಷೆಯಲ್ಲಿ ತಿಳಿಸಿ ಹೇಳತಕ್ಕದ್ದೆಂದು ಕಾನೂನಿದೆ.

ನಾಲ್ಕನೆಯದಾಗಿ, ಸಾಕ್ಷಿಯ ಯೋಗ್ಯ ಖರ್ಚನ್ನು ಸರಕಾರದಿಂದ ಕೊಡಿಸಲು ಕೋರ್ಟಿಗೆ ಅಧಿಕಾರವುಂಟು. ಕೇಳದೆ ಬಂದರೆ ಅದು ತಾನಾಗಿ ಬರುವುದು ಕಡಿಮೆ. ಹಾಜರಾದ ದಿನದ ದಾಖಲೆ ಬೇಕೆಂದೂ ಕೇಳಿ; ಮಾಲಿಕರಿಗೆ, ಕಚೇರಿಗೆ ತೋರಿಸಲು ಬೇಕಾಗುತ್ತದೆ. ಕಳವಾದ ವಸ್ತು ಪೊಲೀಸರಿಗೆ ಸಿಕ್ಕಿದ್ದರೆ ಮೊಕದ್ದಮೆ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಮುಚ್ಚಳಿಕೆ ಬರೆದುಕೊಟ್ಟು ಬಿಡಿಸಿಕೊಳ್ಳಲು ಅರ್ಜಿ ಹಾಕಬಹುದು.

ಐದನೆಯದಾಗಿ, ಆರೋಪಿ ಖುಲಾಸೆಯಾದನೆಂದು ಎಲ್ಲವೂ ಮುಗಿಯಿತೆಂದುಕೊಳ್ಳಬೇಡಿ. ೨೦೦೯ರ ಡಿಸೆಂಬರ್ ೩೧ರಿಂದ ನೊಂದವರಿಗೇ ಅಪೀಲಿನ ಹಕ್ಕಿದೆ. ಅದಕ್ಕೆ ಮುಂಗಡ ಅನುಮತಿ ಬೇಕಿಲ್ಲವೆಂದು ಸುಪ್ರೀಂ ಕೋರ್ಟು ತೀರ್ಮಾನಿಸಿದ್ದು ಕರ್ನಾಟಕದಿಂದ ಹೋದ ಮಲ್ಲಿಕಾರ್ಜುನ ಕೊಡಗಲಿ ಅವರ ಮೊಕದ್ದಮೆಯಲ್ಲಿಯೇ, ೨೦೧೮ರಲ್ಲಿ. ಇನ್ನು ನೀವೇ ಆರೋಪಿಯ ಸ್ಥಾನದಲ್ಲಿ ನಿಲ್ಲುವ ದುರ್ದಿನ ಬಂದರೆ, ಸರಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯುವ ದಾರಿಯುಂಟು. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಕಾರ್ಖಾನೆಯ ಕಾರ್ಮಿಕರು, ಬಂಧನದಲ್ಲಿರುವವರು ಇವರೆಲ್ಲರಿಗೂ ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ ಉಚಿತ ನೆರವು ಸಿಗುತ್ತದೆ. ಅದಕ್ಕಾಗಿ ೧೫೧೦೦ ಎಂಬ ದೂರವಾಣಿ ಸಂಖ್ಯೆಯಿದೆ.

ಕೊನೆಯ ಮಾತು

'ಗೆದ್ದವ ಸೋತ, ಸೋತವ ಸತ್ತ' ಎಂದು ನಮ್ಮ ಹಿರಿಯರು ಕೋರ್ಟಿನ ಬಗ್ಗೆ ಹೇಳಿದ್ದು ಸುಮ್ಮನೆಯಲ್ಲ. ಕಾಲ ಹಿಡಿಯುತ್ತದೆ, ಕೂಲಿ ಕೆಡುತ್ತದೆ. ಆದರೂ ಅಭಿಯೋಜಕರಿಗೆ ನಿಮ್ಮ ಮಾತಿನ ಹೊರತು ಬೇರೆ ಬಂಡವಾಳವಿಲ್ಲ. ಅವರು ನಿಮ್ಮ ವಕೀಲರಲ್ಲ, ಪೊಲೀಸರ ವಕೀಲರೂ ಅಲ್ಲ. ನಿಮ್ಮನ್ನೂ ನಿಮ್ಮ ನೆರೆಯವರನ್ನೂ, ಕಟಕಟೆಯಲ್ಲಿ ನಿಂತ ಆ ಆರೋಪಿಯನ್ನೂ ಒಳಗೊಂಡ 'ರಾಜ್ಯ'ದ ವಕೀಲರು. ಇಷ್ಟು ತಿಳಿದರೆ ಅವರಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ಕೇಳಬಾರದು ಎಂಬುದು ತಾನಾಗಿ ತಿಳಿಯುತ್ತದೆ.

ಸಮನ್ಸು ಹಿಡಿದು ಬಂದ ಮಿತ್ರರೊಡನೆ ಆ ತಾರೀಖಿಗೆ ನಾನೂ ಹೋಗಿದ್ದೆ. ಹೊಸ ಅಭಿಯೋಜಕರು ಚಿಕ್ಕ ವಯಸ್ಸಿನ ಹೆಣ್ಣುಮಗಳು; ಒಳಗೆ ಹೋಗುವ ಮುನ್ನ ಮಿತ್ರರನ್ನು ಬೆಂಚಿನ ಮೇಲೆ ಕೂರಿಸಿ, ಯಾರಾದರೂ ಹೆದರಿಸುತ್ತಿದ್ದಾರೆಯೇ ಎಂದು ಮೊದಲು ಕೇಳಿದರು. ಅವರು ಇಲ್ಲವೆಂದರು. ಅಂದು ವಿಚಾರಣೆ ನಡೆಯಲಿಲ್ಲ. ಮುಂದಿನ ತಾರೀಖು ಕೊಟ್ಟಿದ್ದಾರೆ. ಬಳೆಗಳನ್ನು ಬಿಡಿಸಿಕೊಳ್ಳುವ ಅರ್ಜಿ ಮಾತ್ರ ಅಂದೇ ಸಲ್ಲಿಕೆಯಾಯಿತು. ಇಂಥ ಕಾಗದ ಯಾರಿಗಾದರೂ ಬಂದು ಅರ್ಥವಾಗದಿದ್ದರೆ ಸಂಜೆ ವಾಚನಾಲಯಕ್ಕೆ ತನ್ನಿ. ಕಿಟಕಿಯ ಪಕ್ಕದ ಮೇಜಿನಲ್ಲಿ ನಾನು ಇರುತ್ತೇನೆ, ಓದಿ ಹೇಳುತ್ತೇನೆ.